ಮಕ್ಕಳಿಗೆ ತಂಬಾಕು ಬೇಡ ಅಂತ ಎರಡು ವರ್ಷ ಕಾರ್ಯಕ್ರಮ ಮಾಡಿದೆವು. ಉಪಯೋಗ ಆಯ್ತಾ ಅಂತ ತಿಳಿಯೋದು ಹೇಗೆ?

ಭಾಂಡೂಪ್ ಅಕ್ಕ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪೂರ್ತಿ ಓದಿ ಉತ್ತರ ಕೊಡಿ.

ನಮ್ಮ ಸಂಘದ ಕಡೆಯಿಂದ ಭಾಂಡೂಪ್, ಮುಲುಂಡ್, ಠಾಣೆಯಲ್ಲಿ ಆರು ಸಂಜೆಪಾಠದ ಕೇಂದ್ರಗಳು ನಡೀತವೆ. ಒಟ್ಟು 340 ಮಕ್ಕಳು, ಆರನೇ ಕ್ಲಾಸಿನಿಂದ ಒಂಬತ್ತರವರೆಗೆ. ಹೆಚ್ಚಿನವರ ತಂದೆತಾಯಿ ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಒಂದಷ್ಟು ಮಕ್ಕಳು ಉಡುಪಿ ಕಡೆಯ ಹೋಟೆಲ್ ಕೆಲಸದವರದ್ದು. ಎರಡು ವರ್ಷದಿಂದ ಈ ಕೇಂದ್ರಗಳಲ್ಲಿ ತಂಬಾಕು ಬೇಡ ಅಂತ ಕಾರ್ಯಕ್ರಮ ಮಾಡ್ತಾ ಬಂದಿದ್ದೇವೆ. ಪ್ರತಿಜ್ಞೆ, ಚಿತ್ರಸ್ಪರ್ಧೆ, ಬೀದಿನಾಟಕ, ಡಾಕ್ಟರ ಭಾಷಣ, ರ‍್ಯಾಲಿ, ಒಂದೂ ಬಿಟ್ಟಿಲ್ಲ.

ಮೊನ್ನೆ ಖರ್ಚು ಕೊಡುವ ದಾನಿಗಳು ಒಂದೇ ಪ್ರಶ್ನೆ ಕೇಳಿದರು: ಇದರಿಂದ ಎಷ್ಟು ಮಕ್ಕಳು ತಂಬಾಕು ಮುಟ್ಟದೆ ಉಳಿದರು? ನನ್ನ ಕೈಯಲ್ಲಿ ಇದ್ದದ್ದು ಫೋಟೋ ಆಲ್ಬಮ್ ಮತ್ತು ಹಾಜರಿ ಪಟ್ಟಿ. ಉತ್ತರ ಇರಲಿಲ್ಲ.

ಅದಕ್ಕೆ ಸರಿಯಾಗಿ ಹೋದ ತಿಂಗಳು ಎಂಟನೇ ಕ್ಲಾಸಿನ ಒಬ್ಬ ಹುಡುಗನ ಜೇಬಿನಲ್ಲಿ ಮಾವಾ (ಅಡಿಕೆ ಚೂರು, ತಂಬಾಕು, ಸುಣ್ಣ ಬೆರೆಸಿದ್ದು) ಪೊಟ್ಟಣ ಸಿಕ್ಕಿತು. ಅವನೇ ನಮ್ಮ ಚಿತ್ರಸ್ಪರ್ಧೆಯಲ್ಲಿ ಮೊದಲ ಬಹುಮಾನ ತಗೊಂಡವ. ಎರಡು ದಿನ ನನಗೆ ಊಟ ಸೇರಲಿಲ್ಲ. ನಾವು ಮಾಡ್ತಿರುವುದು ಮಕ್ಕಳಿಗೆ ತಲುಪ್ತಾ ಉಂಟಾ, ಇಲ್ಲವಾ? ಅಳೆಯುವ ದಾರಿ ಗೊತ್ತಿರುವವರು ದಯವಿಟ್ಟು ಹೇಳಿ.

ಡೊಂಬಿವಿಲಿ ಶೆಟ್ರು

ಅಕ್ಕ, ಒಳ್ಳೆ ಕೆಲಸಕ್ಕೆ ಲೆಕ್ಕ ಯಾಕೆ? 340ರಲ್ಲಿ ಒಂದು ಮಗು ಉಳಿದರೂ ನಿಮ್ಮ ಶ್ರಮ ಸಾರ್ಥಕ. ದಾನಿಗಳಿಗೆ ಹಾಗೇ ಹೇಳಿ.

ಸರ್ವೆ ಮಾಮ, ಚೆಂಬೂರ್

ಶೆಟ್ರೇ, ನಿಮ್ಮ ಮನಸ್ಸು ದೊಡ್ಡದು, ಆದರೆ ಈ ಮಾತು ನಾನು ಒಪ್ಪುವುದಿಲ್ಲ. ಆ ಒಂದು ಮಗು ನಿಜವಾಗಿ ಉಳಿಯಿತಾ ಅಂತಲೇ ಅಲ್ಲವೇ ಆಕೆ ಕೇಳ್ತಿರುವುದು?

ನಾನು 31 ವರ್ಷ ಆರೋಗ್ಯದ ಸರ್ವೆಗಳಿಗಾಗಿ ಮನೆ ಮನೆ ಸುತ್ತಿದವನು. ಲೆಕ್ಕ ಅಂದರೆ ಅನುಮಾನ ಅಂತ ಜನ ತಿಳೀತಾರೆ, ಹಾಗಲ್ಲ. ನಮ್ಮ ಮುಂಬಯಿಯಲ್ಲೇ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದಂತ ಸಂಶೋಧನೆಯ ಒಂದು ವಿಭಾಗ ಇತ್ತು, ಡಾ. ಫಲಿ ಮೆಹ್ತಾ ಅವರದ್ದು. 1977ರ ಹೊತ್ತಿಗೆ ಅವರು ಎರ್ನಾಕುಲಂ, ಭಾವನಗರ, ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ 36,000 ತಂಬಾಕು ಸೇವಿಸುವವರನ್ನು ಹಿಡಿದು ವರ್ಷ ವರ್ಷ ಬಾಯಿ ನೋಡುತ್ತಾ, ಬಿಡಿ ಅಂತ ತಿಳಿಹೇಳುತ್ತಾ ಹೋದರು. ಬುದ್ಧಿ ಹೇಳಿದರೆ ಯಾರು ಬಿಡ್ತಾರೆ ಅಂತ ಎಲ್ಲರೂ ಅನ್ನುತ್ತಿದ್ದ ಕಾಲ ಅದು. ಬಿಟ್ಟವರಲ್ಲಿ ಬಾಯಿಯ ಬಿಳಿ ಮಚ್ಚೆ, ಅಂದರೆ ಕ್ಯಾನ್ಸರಿಗೆ ಮುಂಚೆ ಬರುವ ಲ್ಯುಕೊಪ್ಲೇಕಿಯಾ, ಹೊಸದಾಗಿ ಹುಟ್ಟುವುದು ಕಡಿಮೆಯಾಯಿತು. ಇದು ಗೊತ್ತಾದದ್ದು ಹೇಗೆ? ಹತ್ತು ವರ್ಷ ಮುಂಚೆ ಏನೂ ಹೇಳದೆ ಬರೀ ಬಾಯಿ ನೋಡಿಟ್ಟಿದ್ದ ಜನರ ದಾಖಲೆ ಅವರ ಬಳಿ ಇತ್ತು. ಅದರ ಜೊತೆ ಹೋಲಿಸಿದರು. ಆ ಹಳೇ ದಾಖಲೆ ಇಲ್ಲದಿದ್ದರೆ ಅವರ ಹತ್ತಿರವೂ ಫೋಟೋ ಮಾತ್ರ ಇರುತ್ತಿತ್ತು ತಂಗಿ.

ಒಂದು ಎಚ್ಚರಿಕೆ. ತಂಬಾಕು ಸೇವಿಸ್ತೀರಾ ಅಂತ ಕೇಳಿದರೆ ಸುಳ್ಳು ಉತ್ತರ ಬರ್ತದೆ, ಜನ ಸುಳ್ಳು ಹೇಳದೇ ಇದ್ದರೂ. ಜುನ್ನರ್ ಕಡೆ ಒಂದು ಮನೆಯಲ್ಲಿ ಒಬ್ಬ ಹೆಂಗಸು ಇಲ್ಲಪ್ಪಾ, ನಮ್ಮ ಮನೆಯಲ್ಲಿ ಯಾರೂ ತಂಬಾಕು ಮುಟ್ಟುವುದಿಲ್ಲ ಅಂದಳು. ಹಾಗೆ ಹೇಳುವಾಗ ಅವಳ ಎಡ ಅಂಗೈಯಲ್ಲಿ ಮಿಶ್ರಿ, ಬಲ ತೋರುಬೆರಳು ಹಲ್ಲಿನ ಮೇಲೆ. ಅವಳ ಲೆಕ್ಕದಲ್ಲಿ ಅದು ಹಲ್ಲುಪುಡಿ. ಆಮೇಲೆ ನಾವು ಒಂದೊಂದು ಪದಾರ್ಥದ ಹೆಸರು ಹೇಳಿ ಕೇಳುವ ಅಭ್ಯಾಸ ಮಾಡಿಕೊಂಡೆವು.

ಕಾಂದಿವಲಿ ಕಾವೇರಿ

ಮಿಶ್ರಿ ತಂಬಾಕಾ??? ನಮ್ಮ ಚಾಳಿನ ಆಜಿ ಮೊಮ್ಮಗಳಿಗೂ ಅದರಲ್ಲೇ ಹಲ್ಲು ಉಜ್ಜಿಸ್ತಾರೆ!

ಠಾಣೆ ದಂತವೈದ್ಯೆ

ಹೌದು ಕಾವೇರಿ, ಶುದ್ಧ ತಂಬಾಕು. ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವವರೆಗೆ ಹುರಿದು ಪುಡಿ ಮಾಡ್ತಾರೆ. ನಿಕೋಟಿನ್ ಒಸಡಿನಿಂದಲೇ ರಕ್ತಕ್ಕೆ ಹೋಗ್ತದೆ. ಬೆಳಿಗ್ಗೆ ಒಂದು ಸಲ ಉಜ್ಜುತ್ತಿದ್ದವರು ವರ್ಷ ಕಳೆಯುವಷ್ಟರಲ್ಲಿ ದಿನಕ್ಕೆ ಐದಾರು ಸಲ ಉಜ್ಜಲು ಶುರು ಮಾಡುವುದು ಅದಕ್ಕೇ. ಆಜಿ ಹತ್ತಿರ ಜಗಳ ಬೇಡ. ಮಗುವಿಗೆ ಒಂದು ಬ್ರಷ್ ತೆಗೆದುಕೊಟ್ಟು ಅದನ್ನು ಮೊದಲು ತಪ್ಪಿಸಿ.

ಅಕ್ಕಾ, ನಿಮ್ಮ ಕೇಂದ್ರಗಳಲ್ಲಿ ಇನ್ನೊಂದು ನೋಡಬಹುದು. ಮಗುವಿನ ಬಾಯಿಯಲ್ಲಿ ಅದರದ್ದೇ ಮೂರು ಬೆರಳು ನಿಲ್ಲಿಸಿ ಒಳಗೆ ಹೋಗ್ತದಾ ನೋಡಿ. ಹೋಗದಿದ್ದರೆ ನಮ್ಮಂಥವರ ಹತ್ತಿರ ಕಳಿಸಿ. ಸುಪಾರಿ, ಗುಟ್ಕಾ, ಮಾವಾ ಜಗಿದು ಜಗಿದು ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯದ ಹಾಗಾಗುತ್ತೆ. ವಡಾಪಾವ್ ಕಚ್ಚಲಾಗದ ಹದಿನೈದರ ಹುಡುಗರನ್ನು ನಾನು ನೋಡಿದ್ದೇನೆ. ಅದು ಹಿಂದಕ್ಕೆ ಬರುವ ಕಾಯಿಲೆ ಅಲ್ಲ. ಅದಕ್ಕೇ ಪ್ರಶ್ನೆಪತ್ರಿಕೆಯಲ್ಲಿ ತಂಬಾಕಿಲ್ಲದ ಸುಪಾರಿಯನ್ನೂ ಸೇರಿಸಿ. ಅಡಿಕೆ ಒಂದೇ ಜಗಿದರೂ ಕ್ಯಾನ್ಸರ್ ಬರ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಮೊದಲ ವರ್ಗಕ್ಕೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಹಾಕಿದೆ.

ಪುತ್ತೂರು ತೋಟ, ಈಗ ವಾಶಿ

ಡಾಕ್ಟ್ರೇ, ತಂಬಾಕಿನ ಮಾತಾಡಿ, ಅಡಿಕೆಯನ್ನು ಯಾಕೆ ಎಳೆದು ತರ್ತೀರಿ? ನನ್ನ ಅಜ್ಜ 88 ವರ್ಷ ಎಲೆಯಡಿಕೆ ಹಾಕಿದವರು. ದೇವರ ಎದುರು ಇಡುವ ವಸ್ತು ಅದು. ಲಕ್ಷಾಂತರ ಕುಟುಂಬಗಳ ಅನ್ನ. ಗುಟ್ಕಾದವರು ಕೆಟ್ಟ ಮಾಲು ಬೆರೆಸಿದ್ದಕ್ಕೆ ಬೆಳೆಗಾರರ ಹೆಸರು ಹಾಳಾಗ್ತಿದೆ.

ಠಾಣೆ ದಂತವೈದ್ಯೆ

ನನ್ನ ತವರು ಶಿರಸಿ. ನಮ್ಮದೂ ಅಡಿಕೆ ತೋಟವೇ, ಅದರ ದುಡ್ಡಿನಲ್ಲೇ ಓದಿದವಳು ನಾನು. ತಾಂಬೂಲ ಕೊಡುವುದನ್ನು ನಿಲ್ಲಿಸಿ ಅಂತ ನಾನು ಹೇಳಿಲ್ಲ. ಹನ್ನೆರಡು ವರ್ಷದ ಮಗು ದಿನಕ್ಕೆ ನಾಲ್ಕು ಪೊಟ್ಟಣ ಸಿಹಿ ಸುಪಾರಿ ತಿನ್ನುವುದರ ಬಗ್ಗೆ ಹೇಳ್ತಿದ್ದೇನೆ. ನಿಮ್ಮ ಅಜ್ಜನವರ ಆಯುಸ್ಸು ಅವರ ಪುಣ್ಯ. ನನ್ನ ಕುರ್ಚಿಯಲ್ಲಿ ಕೂತವರಿಗೆ ಆ ಪುಣ್ಯ ಇರಲಿಲ್ಲ.

ಪುತ್ತೂರು ತೋಟ, ಈಗ ವಾಶಿ

ಮಕ್ಕಳ ವಿಷಯದಲ್ಲಿ ಒಪ್ಪಿದೆ. ಮಿಕ್ಕಿದ್ದು ಒಪ್ಪುವುದಿಲ್ಲ.

ನಿರ್ವಾಹಕ

ಅಡಿಕೆಯ ಬಗ್ಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಅಕ್ಕನ ಪ್ರಶ್ನೆಗೆ ಬನ್ನಿ.

ಪುಣೆ ಅಂಕಿ

ನಾನು ಪುಣೆಯಲ್ಲಿ ಆರೋಗ್ಯ ಸಂಶೋಧನೆಯ ಅಂಕಿಅಂಶ ನೋಡುವ ಕೆಲಸ ಮಾಡ್ತೇನೆ. ಸರ್ವೆ ಮಾಮ ಹೇಳಿದ ಹೋಲಿಕೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ಹೆಚ್ಚಿನ ಸಂಸ್ಥೆಗಳು ಎಡವೋದು ಅಲ್ಲೇ.

ನೀವು ಇವತ್ತು ಎಣಿಸಿ, ಎರಡು ವರ್ಷ ಬಿಟ್ಟು ಮತ್ತೆ ಎಣಿಸಿದಿರಿ ಅಂದುಕೊಳ್ಳಿ. ಕಡಿಮೆ ಆಗಿದ್ದರೆ ನಿಮ್ಮ ಕಾರ್ಯಕ್ರಮ ಗೆದ್ದಿತು ಅಂತ ಹೇಳಕ್ಕಾಗಲ್ಲ. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ 2009ರಲ್ಲಿ ಶೇ. 14.6 ಇದ್ದವರು 2019ರಲ್ಲಿ ಶೇ. 8.5ಕ್ಕೆ ಇಳಿದಿದ್ದಾರೆ. ಯಾರೂ ಏನೂ ಮಾಡದ ಶಾಲೆಯಲ್ಲೂ ಒಂದಿಷ್ಟು ಇಳಿದಿರುತ್ತೆ. ಇದಕ್ಕೆ ತಿರುಗಾಮುರುಗಾನೂ ಆಗಬಹುದು. ಮಕ್ಕಳು ಆರನೇ ಕ್ಲಾಸಿಂದ ಎಂಟಕ್ಕೆ ಬರುವಾಗ ವಯಸ್ಸಿನ ಜೊತೆ ಚಟ ಏರಬಹುದು. ಆಗ ನಿಮ್ಮಲ್ಲೂ ಏರಿ, ಬೇರೆ ಕಡೆ ಇನ್ನೂ ಜಾಸ್ತಿ ಏರಿದ್ದರೆ ನೀವು ಗೆದ್ದಿದ್ದೀರಿ, ಆದರೆ ಸೋತ ಹಾಗೆ ಕಾಣುತ್ತೆ.

ದೆಹಲಿ, ಚೆನ್ನೈಗಳ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ನಡೆದ ಮೈತ್ರಿ ಅನ್ನೋ ಯೋಜನೆ ಇದಕ್ಕೆ ಒಳ್ಳೆ ಉದಾಹರಣೆ. ಚೀಟಿ ಎತ್ತಿದ ಹಾಗೆ ಅರ್ಧ ಶಾಲೆಗಳಿಗೆ ಕಾರ್ಯಕ್ರಮ ಕೊಟ್ಟರು, ಅರ್ಧಕ್ಕೆ ಕೊಡಲಿಲ್ಲ. ಎರಡು ವರ್ಷದಲ್ಲಿ ಕೊಡದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ. 68 ಏರಿತು, ಕೊಟ್ಟ ಕಡೆ ಶೇ. 17 ಇಳಿಯಿತು. ಅಲ್ಲಿ ಭಾಷಣ ಕಡಿಮೆ ಇತ್ತು. ಮಕ್ಕಳೇ ಮಕ್ಕಳ ಗುಂಪುಗಳನ್ನು ನಡೆಸಿದರು, ಮನೆಗೆ ಅಪ್ಪ ಅಮ್ಮನಿಗೆ ಕಾರ್ಡು ಹೋಗ್ತಿತ್ತು.

ಇನ್ನೊಂದು ಕಡೆ ನೋಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1984ರಿಂದ 15 ವರ್ಷ, 40 ಶಾಲಾ ಜಿಲ್ಲೆಗಳಲ್ಲಿ, 8,388 ಮಕ್ಕಳ ಮೇಲೆ ಬಹಳ ಶ್ರದ್ಧೆಯಿಂದ ಒಂದು ಅಧ್ಯಯನ ಮಾಡಿದರು. ಮೂರನೇ ಕ್ಲಾಸಿಂದ ಹನ್ನೆರಡರವರೆಗೆ ಸಿಗರೇಟಿಗೆ ಬೇಡ ಅನ್ನೋದು ಹೇಗೆ ಅಂತ ಪಾಠ. ಕೊನೆಗೆ ಪಾಠ ಕೇಳಿದವರಿಗೂ ಕೇಳದವರಿಗೂ ವ್ಯತ್ಯಾಸವೇ ಇಲ್ಲ. ಅದನ್ನು ಮುಚ್ಚಿಡದೆ ಪ್ರಕಟಿಸಿದರು. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಗೌರವ ಇರೋದು ಆ ತಂಡದ ಮೇಲೆ. ತರಗತಿಯ ಪಾಠ ಒಂದೇ ಸಾಕು ಅಂತ ನಂಬಿ ನಾವು ಇನ್ನೆಷ್ಟು ವರ್ಷ ಕಳೀತಿದ್ದೆವೋ.

ಡೊಂಬಿವಿಲಿ ಶೆಟ್ರು

15 ವರ್ಷ ಖರ್ಚು ಮಾಡಿ ಏನೂ ಇಲ್ಲ ಅಂತ ಕಂಡುಕೊಂಡರಾ? ಅಬ್ಬ. ನಮ್ಮ ದಾನಿಗಳು ಅದನ್ನು ಓದಿದರೆ ಮಾರನೇ ದಿನವೇ ದುಡ್ಡು ನಿಲ್ಲಿಸ್ತಾರೆ ಮಾರಾಯ್ರೆ.

ಭಾಂಡೂಪ್ ಅಕ್ಕ

ಪುಣೆ ಅಂಕಿ ಅವರೇ, ಉಪಕಾರ ಆಯ್ತು. ಆದರೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅರ್ಧ ಕೇಂದ್ರಗಳಿಗೆ ಕೊಡಬೇಡಿ ಅಂತೀರಲ್ಲ, ಆ ಮಕ್ಕಳು ಏನು ತಪ್ಪು ಮಾಡಿದರು? ಲೆಕ್ಕ ಸರಿ ಬರಲಿ ಅಂತ ಮುಲುಂಡಿನ ಮಕ್ಕಳನ್ನು ಬಿಟ್ಟು ಭಾಂಡೂಪಿನ ಮಕ್ಕಳಿಗೆ ಮಾತ್ರ ಹೇಳುವುದು ನನ್ನ ಕೈಯಲ್ಲಿ ಆಗದು.

ಕಾಂದಿವಲಿ ಕಾವೇರಿ

ನನಗೂ ಅದೇ ಅನಿಸಿತು. ಮಕ್ಕಳನ್ನು ಪ್ರಯೋಗಕ್ಕೆ ಇಡುವುದು ಸರಿಯಲ್ಲ.

ಪುಣೆ ಅಂಕಿ

ನಿಮ್ಮ ಸಂಕಟ ನ್ಯಾಯವಾದದ್ದು. ದಾರಿ ಇದೆ. ನಿಮ್ಮದು ಹೊಸ ಸುತ್ತು ಶುರುವಾಗೋದು ಜೂನ್‌ನಲ್ಲಿ ತಾನೆ? ಒಂದೇ ಸಲ ಆರೂ ಕೇಂದ್ರಕ್ಕೆ ಹೋಗುವಷ್ಟು ಜನ ನಿಮ್ಮಲ್ಲಿ ಇದ್ದಾರಾ? ಇಲ್ಲದಿದ್ದರೆ ಹೇಗೂ ಕೆಲವು ಕೇಂದ್ರ ಕಾಯಲೇಬೇಕು. ಯಾರು ಕಾಯಬೇಕು ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಿ. ಮೂರಕ್ಕೆ ಜೂನ್‌ನಲ್ಲಿ, ಮೂರಕ್ಕೆ ಮುಂದಿನ ಜನವರಿಯಲ್ಲಿ. ಎಲ್ಲರಿಗೂ ಸಿಗುತ್ತೆ. ಡಿಸೆಂಬರ್‌ನಲ್ಲಿ ಆರೂ ಕಡೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ನಿಮಗೆ ಹೋಲಿಕೆ ಸಿಕ್ಕಿತು.

ಇನ್ನೊಂದನ್ನು ಈಗಲೇ ಹೇಳಿಬಿಡ್ತೀನಿ. ದೇಶದ ಸರಾಸರಿ ಶೇ. 8.5 ಹಿಡಿದರೆ ನಿಮ್ಮ 340ರಲ್ಲಿ ಬಳಸುವವರು ಸುಮಾರು 29 ಮಕ್ಕಳು. ಅರ್ಧಕ್ಕೆ ಹಂಚಿದರೆ ಒಂದೊಂದು ಕಡೆ 14, 15. ಇಷ್ಟು ಸಣ್ಣ ಸಂಖ್ಯೆಯಲ್ಲಿ ಎರಡು ಮೂರು ಮಕ್ಕಳ ಏರಿಳಿತ ಆಕಸ್ಮಿಕವಾಗೇ ಆಗಬಹುದು. ಸಾಲದ್ದಕ್ಕೆ ಒಂದೇ ಕೇಂದ್ರದ ಮಕ್ಕಳು ಒಬ್ಬರನ್ನೊಬ್ಬರು ನೋಡಿ ಕಲೀತಾರೆ, ಹಾಗಾಗಿ 340 ಅನ್ನೋದು ನಿಜವಾದ 340 ಅಲ್ಲ. ಅದಕ್ಕೇ ಬರೀ ಬಳಸ್ತೀಯಾ ಅಂತ ಕೇಳಬೇಡಿ. ಗೆಳೆಯ ಕೊಟ್ಟರೆ ತಗೋತೀಯಾ, ಮುಂದಿನ ವರ್ಷದಲ್ಲಿ ನೀನು ಬಳಸಬಹುದು ಅನ್ಸುತ್ತಾ ಅಂತಲೂ ಕೇಳಿ. ಇವಕ್ಕೆ ಖಂಡಿತ ಇಲ್ಲ ಅನ್ನದೆ ಬಹುಶಃ ಇಲ್ಲ ಅಂದ ಮಗು ಕೂಡ ಅಂಚಿನಲ್ಲಿ ನಿಂತಿದೆ ಅಂತ ಲೆಕ್ಕ. ಅಂಥ ಮಕ್ಕಳ ಸಂಖ್ಯೆ ದೊಡ್ಡದಿರುತ್ತೆ, ವ್ಯತ್ಯಾಸ ಬೇಗ ಕಾಣುತ್ತೆ.

ವಾಸ್ಕೊ ಬಸು

ಅಕ್ಕಾರ, ನಾ ವಾಸ್ಕೊದಾಗ ಹದಿನೆಂಟು ವರ್ಷದಿಂದ ಅದೀನ್ರಿ, ಬಾಗಲಕೋಟಿ ಕಡಿಯಾಂವ. ನೀವು ಹೇಳೂ ಮಕ್ಕಳು ನಮ್ಮ ಮಕ್ಕಳ ಇದ್ದಂಗ. ಅದಕ್ಕ ಬರದೇನಿ.

ಗೋವಾದಾಗ ತಂಬಾಕ ತಿನ್ನವ್ರು, ಸೇದವ್ರು ಎಲ್ಲಾ ಕೂಡಿ ನೂರಕ್ಕ 9.7 ಅಂತ 2016-17ರ ಸರ್ವೆ ಹೇಳತೈತಿ. ದೇಶದಾಗ 28.6. ಗೋವಾ ಭಾಳ ಚಲೋ ಅಂತ ಎಲ್ಲಾರೂ ಅಂತಾರ. 1997ರಾಗ ಸೇದೂದು, ಉಗುಳೂದು ಬ್ಯಾನ್ ಮಾಡಾಕ ತಮ್ಮದ ಕಾನೂನು ತಂದ ರಾಜ್ಯ ಇದು. ಆದ್ರ ನಮ್ಮ ಓಣಿಗೆ ಬಂದು ನೋಡ್ರಿ. ಸೆಂಟ್ರಿಂಗ್ ಕೆಲಸಕ್ಕ ಹೋಗೂ ಗಂಡಸರ ಪೈಕಿ ತಂಬಾಕ ಸುಣ್ಣ ತಿಕ್ಕದಾಂವ ಸಿಗೂದ ಕಷ್ಟ. ಹಸಿವು ತಡಿತೈತಿ, ನಿದ್ದಿ ಬರಂಗಿಲ್ಲ ಅಂತ ತಿಂತಾರ. ಇಡೀ ರಾಜ್ಯದ ಸರಾಸರಿ ಒಳಗ ನಮ್ಮ ಓಣಿ ಮುಚ್ಚಿ ಹೋಗತೈತಿ.

ಮತ್ತ ಮಕ್ಕಳು ಹೆಂಗ ಕಲೀತಾವ? ಗೆಳ್ಯಾರ ಕೊಟ್ಟು ಅಂತ ಎಲ್ಲಾರೂ ಬರೀತೀರಿ. ನಾ ಕಲತದ್ದು ನಮ್ಮಪ್ಪ ಕಳಿಸಿದ್ದಕ್ಕ. ಹೋಗಲೇ, ಒಂದು ಚೀಟಿ ತಂಬಾಕ ತಾ ಅಂತಿದ್ದ. ತರೂವಾಗ ಒಂದು ಚಿಟಿಕಿ ಬಾಯಾಗ. ಒಂಬತ್ತು ವರ್ಷ ನನಗ. ಆ ಪ್ರಶ್ನೆ ಕೇಳ್ರಿ: ನಿನ್ನ ಅಂಗಡಿಗೆ ಯಾರು ಕಳಿಸ್ತಾರ?

ಸರ್ವೆ ಮಾಮ, ಚೆಂಬೂರ್

ಬಸು, ಇದಕ್ಕಿಂತ ಒಳ್ಳೆ ಪ್ರಶ್ನೆ ನನ್ನ 31 ವರ್ಷದಲ್ಲಿ ನಾನು ಬರೆದಿಲ್ಲ. ಸರಾಸರಿಯ ಮಾತೂ ನಿಜ. ನೀನು ಹೇಳಿದ ಆ ಸರ್ವೆ ನಡೆಸಿದ್ದು ಇಲ್ಲೇ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು. 2009-10ರದ್ದು ನಡೆಸಿದ್ದು ಅದೇ ದೇವನಾರಿನ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಎರಡರ ನಡುವೆ ಮಹಾರಾಷ್ಟ್ರ ಶೇ. 31.4ರಿಂದ 26.6ಕ್ಕೆ ಬಂತು. ಆದರೆ ಇಲ್ಲಿ ಸೇದುವವರು ಶೇ. 3.8 ಮಾತ್ರ, ಬಾಯಿಗೆ ಹಾಕುವವರು ಶೇ. 24.4. ಇಂಥ ಊರಿನಲ್ಲಿ ಸಿಗರೇಟಿನ ಚಿತ್ರಕ್ಕೆ ಅಡ್ಡ ಗೀಟು ಹಾಕಿದ ಬೋರ್ಡು ಹಿಡಿದು ರ‍್ಯಾಲಿ ಮಾಡಿದರೆ ಮಗುವಿಗೆ ಏನು ಅರ್ಥ ಆಗ್ತದೆ? ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ, ಇದು ನಮಗಲ್ಲ ಅಂತ.

ಭಾಂಡೂಪ್ ಅಕ್ಕ

ಮಾಮ, ನಮ್ಮ ಬೋರ್ಡೂ ಸಿಗರೇಟಿನದ್ದೇ. ಎರಡು ವರ್ಷ ಅದನ್ನೇ ಹಿಡಿದೆವು.

ಘಾಟ್ಕೋಪರ್ ಟೀಚರ್

ನಾನು ಮುನ್ಸಿಪಾಲಿಟಿ ಶಾಲೆಯಲ್ಲಿ 22 ವರ್ಷದಿಂದ ಇದ್ದೇನೆ. ನಮ್ಮ ಕಡೆಯ ಮಾತೂ ಕೇಳಿ.

ಮೇ 31ಕ್ಕೆ ತಂಬಾಕು ವಿರೋಧಿ ದಿನ. ಮಹಾರಾಷ್ಟ್ರದಲ್ಲಿ ಆಗ ಬೇಸಿಗೆ ರಜೆ, ಅರ್ಧ ಮಕ್ಕಳು ಊರಲ್ಲಿ ಇರ್ತಾರೆ. ಆದರೂ ವರದಿ ಬೇಕು ಅಂತ ಮೇಲಿನಿಂದ ಬರ್ತದೆ, ಸಿಕ್ಕ ಹತ್ತು ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೀಬೇಕು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕಾಯ್ದೆ, 2019ರ ಮಾರ್ಗಸೂಚಿ ಪ್ರಕಾರ ಹಳದಿ ಗೆರೆಯನ್ನೂ ಹಾಕಿಸಿದೆವು. ಗೆರೆ ಬಿದ್ದದ್ದು ದಾಖಲೆಯಲ್ಲಿ ಉಂಟು. ಟಪರಿ (ಗೂಡಂಗಡಿ) ಎದ್ದದ್ದು ಉಂಟಾ ಅಂತ ಯಾರೂ ಕೇಳಲಿಲ್ಲ. ನಾನೇ ಹೋಗಿ ಟಪರಿಯವನ ಹತ್ತಿರ ಮಾತಾಡಿದೆ. ದಂಡ 200 ರೂಪಾಯಿ ಟೀಚರ್, ಒಂದು ಗಂಟೆಯ ವ್ಯಾಪಾರ ಅಂದ. ಆಗ ನಾನು ಬಾಲನ್ಯಾಯ ಕಾಯ್ದೆ ತೋರಿಸಿದೆ. 2015ರ ಆ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮರುದಿನದಿಂದ ಸಮವಸ್ತ್ರದ ಮಕ್ಕಳಿಗೆ ಕೊಡುವುದು ನಿಲ್ಲಿಸಿದ.

ಇನ್ನು ಪ್ರಶ್ನೆಪತ್ರಿಕೆ. ದಯವಿಟ್ಟು ಟೀಚರ್ ಕೈಯಲ್ಲಿ ಹಂಚಿಸಬೇಡಿ. ನಾನು ಕೋಣೆಯಲ್ಲಿ ಇದ್ದರೆ ಯಾವ ಮಗುವೂ ನಿಜ ಬರೆಯುವುದಿಲ್ಲ.

ಪುಣೆ ಅಂಕಿ

ಟೀಚರ್ ಹೇಳಿದ್ದು ನೂರಕ್ಕೆ ನೂರು. ಹೆಸರು ಬರೆಸಬೇಡಿ. ಜೂನ್ ಮತ್ತು ಡಿಸೆಂಬರ್‌ನ ಹಾಳೆ ಒಂದೇ ಮಗುವಿನದ್ದು ಅಂತ ಗೊತ್ತಾಗಲು ಮಗುವೇ ಗುಟ್ಟಿನ ಗುರುತು ಬರೀಲಿ: ಅಮ್ಮನ ಹೆಸರಿನ ಮೊದಲ ಅಕ್ಷರ, ತಾನು ಹುಟ್ಟಿದ ತಾರೀಕು, ಎಷ್ಟನೇ ಮಗು ಅನ್ನೋದು. ಹೊರಗಿನವರು ಹಂಚಲಿ, ಮಗುವೇ ಮಡಚಿ ಪೆಟ್ಟಿಗೆಗೆ ಹಾಕಲಿ. ಅಪ್ಪ ಅಮ್ಮನಿಗೆ ಮುಂಚೆ ತಿಳಿಸಿ ಒಪ್ಪಿಗೆ ತಗೊಳ್ಳಿ. ದೊಡ್ಡ ಅಧ್ಯಯನಗಳಲ್ಲಿ ಜೊಲ್ಲು ತೆಗೆದು ಕೊಟಿನಿನ್ (ನಿಕೋಟಿನ್ ದೇಹದೊಳಗೆ ಹೋದ ಮೇಲೆ ಆಗುವ ಪದಾರ್ಥ) ಪರೀಕ್ಷೆ ಮಾಡಿ ಮಾತಿಗೂ ದೇಹಕ್ಕೂ ತಾಳೆ ನೋಡ್ತಾರೆ. ನಿಮಗೆ ಅದು ಬೇಡ. ಖರ್ಚು ಜಾಸ್ತಿ, ಮಕ್ಕಳ ನಂಬಿಕೆಯೂ ಹೋಗುತ್ತೆ.

ಮೀರಾರೋಡ್ ಮೊಗವೀರ

ಮಕ್ಕಳನ್ನೇ ಅಂಗಡಿಗೆ ಕಳಿಸಿ ಕೊಡ್ತಾರಾ ನೋಡಬಹುದಲ್ಲ? ಸುಲಭ ಪರೀಕ್ಷೆ.

ಘಾಟ್ಕೋಪರ್ ಟೀಚರ್

ಬೇಡವೇ ಬೇಡ. ಮಗುವಿನ ಕೈಗೆ ನಾವೇ ಪೊಟ್ಟಣ ಕೊಡಿಸಿದ ಹಾಗೆ. ದೊಡ್ಡವರು ಅರ್ಧ ಗಂಟೆ ದೂರ ನಿಂತು ಎಷ್ಟು ಮಕ್ಕಳು ಬಂದರು, ಎಷ್ಟು ಜನರಿಗೆ ಕೊಟ್ಟ ಅಂತ ಬರೆದುಕೊಂಡರೆ ಸಾಕು.

ಮೀರಾರೋಡ್ ಮೊಗವೀರ

ಸರಿ ಟೀಚರ್, ಅಷ್ಟು ಯೋಚಿಸಿರಲಿಲ್ಲ.

ನಿಪ್ಪಾಣಿ ಮಗ, ಪುಣೆ

ನಮ್ಮೂರಾಗ ತಂಬಾಕನ ಬೆಳೀತಾರ. ನಮ್ಮ ದೊಡ್ಡಪ್ಪನ ಹೊಲದಾಗ ಎಲಿ ಹರಿದು, ಒಣಗಿಸಿ, ಚಿಲ್ಲರ ಮಾಡೂ ತನಕ ನಾವೂ ಕೈ ಹಚ್ಚೇವಿ. ಅವ್ವನ ಕೈಯಾಗ ಬೀಡಿ ಸೂಪ. ಆಕಿ ಕಟ್ಟಿದ ಬೀಡಿ ದುಡ್ಡಿನಾಗ ನನ್ನ ಫೀ ಕಟ್ಟೀನಿ. ಇಲ್ಲಿ ಮಾತಾಡವ್ರು ಯಾರೂ ಆ ಮನಿಗಳ ಬಗ್ಗೆ ಯೋಚನಿ ಮಾಡಂಗಿಲ್ಲ. ಬೀಡಿ ಬಂದ್ ಆದ್ರ ಆ ಹೆಂಗಸರು ಎಲ್ಲಿ ಹೋಗಬೇಕು?

ಮಂಗಳೂರು ಮಗಳು, ಮಾಟುಂಗಾ

ಅಣ್ಣ, ನಮ್ಮಮ್ಮನೂ ಬೀಡಿ ಕಟ್ಟಿದವರು, ಬಜ್ಪೆ ಹತ್ತಿರ. ರಾತ್ರಿ ಹನ್ನೊಂದರವರೆಗೆ ಸಾವಿರ ಬೀಡಿ ಪೂರ್ತಿ ಮಾಡಿ ಬೆಳಿಗ್ಗೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡೋಗ್ತಿದ್ದರು. ತಂಬಾಕಿನ ಧೂಳಿಗೆ ಅವರಿಗೆ ಈಗಲೂ ಕೆಮ್ಮು. ನಿಮ್ಮ ಪ್ರಶ್ನೆ ನನ್ನದೂ ಹೌದು, ಅವರಿಗೆ ಬೇರೆ ಕೆಲಸ ಕೊಡದೆ ಬಾಯಲ್ಲಿ ಉಪದೇಶ ಮಾಡುವುದು ತಪ್ಪು.

ಆದರೆ ಬೀಡಿ ಬಡವರ ಸಾದಾ ವಸ್ತು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ನಮ್ಮ ಮನೆಯಲ್ಲಿ ಹೇಳ್ತಿದ್ದರು, ನಾನೂ ನಂಬಿದ್ದೆ. ಮುಂಬಯಿಯಲ್ಲಿ ಮತದಾರರ ಪಟ್ಟಿ ಹಿಡಿದು 35 ದಾಟಿದ 99,570 ಜನರನ್ನು ಐದಾರು ವರ್ಷ ಹಿಂಬಾಲಿಸಿದ ಅಧ್ಯಯನ ಉಂಟು, ಡಾ. ಪ್ರಕಾಶ್ ಗುಪ್ತಾ ಅವರದ್ದು. ಏನೂ ಬಳಸದ ಗಂಡಸರಿಗೆ ಹೋಲಿಸಿದರೆ ಸಾವಿನ ಅಪಾಯ ಸಿಗರೇಟಿನವರಲ್ಲಿ 1.37 ಪಟ್ಟು, ಬೀಡಿಯವರಲ್ಲಿ 1.64 ಪಟ್ಟು. ಅದನ್ನು ಓದಿದ ದಿನ ನಾನು ಅಮ್ಮನಿಗೆ ಫೋನ್ ಮಾಡಲಿಲ್ಲ. ಹೇಗೆ ಹೇಳುವುದು?

ನಿಪ್ಪಾಣಿ ಮಗ, ಪುಣೆ

ತಂಗೀ, ಇದಕ್ಕ ನನ್ನ ಹತ್ರ ಉತ್ತರ ಇಲ್ಲ.

ಕುರ್ಲಾ ಕ್ಯಾಷಿಯರ್

ಇದೆಲ್ಲ ಸರಿ, ಆದರೆ ಸರ್ಕಾರ ಒಂದೇ ಏಟಿಗೆ ಬ್ಯಾನ್ ಮಾಡಿದರೆ ಮುಗೀತಲ್ಲ? ಸರ್ವೆ ಗಿರ್ವೆ ಯಾಕೆ?

ಸರ್ವೆ ಮಾಮ, ಚೆಂಬೂರ್

ಗುಟ್ಕಾ ಮಹಾರಾಷ್ಟ್ರದಲ್ಲಿ 2012ರ ಜುಲೈಯಲ್ಲೇ ಬ್ಯಾನ್ ಆಗಿದೆ, ಕರ್ನಾಟಕದಲ್ಲಿ 2013ರಲ್ಲಿ. ಆಮೇಲೆ ಏನಾಯಿತು ನೀವೇ ನೋಡಿದ್ದೀರಿ. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುವುದು. ಬ್ಯಾನ್ ಬೇಡ ಅಂತ ನಾನು ಹೇಳುವುದಿಲ್ಲ, ಬಹಳ ಅಂಗಡಿಗಳಲ್ಲಿ ಎದುರಿಗೆ ತೂಗುಹಾಕುವುದು ನಿಂತಿದೆ. ಆದರೆ ಬ್ಯಾನ್ ಆದ ಮೇಲೆ ಏನಾಯಿತು ಅಂತ ನೋಡುವವರು ಬೇಕಲ್ಲ, ಅದೇ ಸರ್ವೆ.

ಪುಣೆ ಅಂಕಿ

ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮವನ್ನೇ ತಗೊಳ್ಳಿ. 2007-08ರಲ್ಲಿ ಶುರುವಾಗಿ ಮೊದಲ ಹಂತದಲ್ಲಿ 42 ಜಿಲ್ಲೆಗೆ ಬಂತು. ಮನೆಗಳ ಖರ್ಚಿನ ರಾಷ್ಟ್ರೀಯ ಮಾದರಿ ಸಮೀಕ್ಷೆ ಹಿಡಿದು ಆ ಜಿಲ್ಲೆಗಳನ್ನೂ ಕಾರ್ಯಕ್ರಮ ಇಲ್ಲದ ಜಿಲ್ಲೆಗಳನ್ನೂ ಸಂಶೋಧಕರು ಹೋಲಿಸಿದರು. ಬೀಡಿ, ಸಿಗರೇಟಿನ ಬಳಕೆ ಎರಡೂ ಕಡೆ ಇಳಿದಿತ್ತು, ಕಾರ್ಯಕ್ರಮದಿಂದಲೇ ಹೆಚ್ಚು ಇಳಿಯಿತು ಅನ್ನಲು ಆಧಾರ ಸಿಗಲಿಲ್ಲ. ಕಾರ್ಯಕ್ರಮ ವ್ಯರ್ಥ ಅಂತ ಇದರರ್ಥ ಅಲ್ಲ. ಹೆಸರಿಗೆ ಜಿಲ್ಲೆಗೆ ಬಂದದ್ದು ಜನರಿಗೆ ಎಷ್ಟು ತಲುಪಿತು ಅನ್ನೋದನ್ನೂ ಕೇಳಬೇಕು ಅಂತ. ಅಕ್ಕನ ಕೇಂದ್ರಗಳಲ್ಲೂ ಹಾಗೇ. ಯಾವ ಮಗು ಎಷ್ಟು ಅವಧಿಗೆ ಬಂತು, ಯಾವುದನ್ನು ತಪ್ಪಿಸಿತು ಅಂತ ಪ್ರತಿ ವಾರ ಬರೆದಿಡಿ. ಹಾಜರಿ ಪಟ್ಟಿ ನಿಮ್ಮಲ್ಲಿ ಇದೆ ಅಂದಿರಲ್ಲ, ಅದು ಬಂಗಾರ.

ಸಾಂತಾಕ್ರೂಜ್ ಭಟ್ರು

ನಾನು ಹೋಟೆಲ್ ಅಡುಗೆಯವ. 26 ವರ್ಷ ಹೊಗೆಸೊಪ್ಪು ಹಾಕಿದ್ದೆ. ಒಲೆ ಮುಂದೆ ನಿಂತವನಿಗೆ ಅದೊಂದೇ ಆಸರೆ ಅಂತ ತಿಳಿದಿದ್ದೆ. ಪೊಟ್ಟಣದ ಮೇಲೆ ಒಂದು ನಂಬರ್ ಇರ್ತದೆ, 1800112356, ದುಡ್ಡು ಇಲ್ಲ. ಮಗಳು ಹಚ್ಚಿ ಕೊಟ್ಟಳು. ಕನ್ನಡದಲ್ಲೇ ಮಾತಾಡಿದರು. ಬಿಡುವ ದಿನ ನೀವೇ ಗೊತ್ತು ಮಾಡಿ ಅಂದರು, ಆ ವಾರ ಮತ್ತೆ ಮತ್ತೆ ಅವರೇ ಫೋನ್ ಮಾಡಿದರು. ಎರಡು ಸಲ ಸೋತೆ. ಮೂರನೇ ಸಲ ಬಿಟ್ಟೆ. ಈಗ ಒಂದು ವರ್ಷ ಎರಡು ತಿಂಗಳು. ಅಕ್ಕ, ಆ ಹುಡುಗನನ್ನು ಬೈದು ಕಳಿಸಬೇಡಿ. ಬಿಡುವುದು ಬಹಳ ಕಷ್ಟ.

ಠಾಣೆ ದಂತವೈದ್ಯೆ

ಭಟ್ರೇ, ಎರಡು ಸಲ ಸೋತದ್ದನ್ನೂ ಬರೆದಿರಲ್ಲ, ಅದಕ್ಕೆ ವಿಶೇಷ ಧನ್ಯವಾದ. ಒಂದು ಸಲಕ್ಕೆ ಬಿಡಲಾಗದೆ ನಾಚಿಕೆಯಿಂದ ತಿರುಗಿ ಬಾರದ ರೋಗಿಗಳಿಗೆ ಇದನ್ನು ಓದಿಸ್ತೇನೆ.

ಘಾಟ್ಕೋಪರ್ ಟೀಚರ್

ಅಕ್ಕ, ನಿಮ್ಮ ಕೇಂದ್ರದ ಪಾಠ ಹೇಳುವವರಲ್ಲಿ ಯಾರಾದರೂ ಗುಟ್ಕಾ ಹಾಕ್ತಾರಾ? ಕೋಪ ಮಾಡಬೇಡಿ. ಬಿಹಾರದ 72 ಶಾಲೆಗಳಲ್ಲಿ ಶಿಕ್ಷಕರಿಗೇ ಬಿಡಿಸುವ ಕಾರ್ಯಕ್ರಮ ಮಾಡಿ ನೋಡಿದ್ದರು. ಮುಗಿದು ಒಂಬತ್ತು ತಿಂಗಳ ಮೇಲೆ ಕೇಳಿದಾಗ, ಆರು ತಿಂಗಳಿಂದ ಮುಟ್ಟದವರು ಕಾರ್ಯಕ್ರಮದ ಶಾಲೆಗಳಲ್ಲಿ ಶೇ. 19, ಬೇರೆ ಕಡೆ ಶೇ. 7. ಮಕ್ಕಳು ನಮ್ಮ ಬಾಯಿಯನ್ನು ನೋಡ್ತಾರೆ, ಮಾತನ್ನಲ್ಲ.

ಭಾಂಡೂಪ್ ಅಕ್ಕ

ಇಬ್ಬರು ಇದ್ದಾರೆ ಟೀಚರ್. ಇಬ್ಬರ ಜೊತೆಗೂ ನಿನ್ನೆ ಕೂತು ಮಾತಾಡಿದೆ. ಒಬ್ಬರು ಭಟ್ರು ಕೊಟ್ಟ ನಂಬರ್ ಬರೆದುಕೊಂಡರು.

ಎಲ್ಲರ ಮಾತು ಓದಿ ಇಷ್ಟು ತೀರ್ಮಾನ ಮಾಡಿದ್ದೇವೆ. ಹಳೇ ಎರಡು ವರ್ಷದ ಬಗ್ಗೆ ದಾನಿಗಳಿಗೆ ನಿಜ ಬರೆದೆ: ಉಪಯೋಗ ಆಯ್ತಾ ಅಂತ ಹೇಳಲು ನಮ್ಮಲ್ಲಿ ದಾಖಲೆ ಇಲ್ಲ, ಮುಂದಿನ ಸುತ್ತಿಗೆ ಇರ್ತದೆ. ಅವರು ಒಂದು ವರ್ಷ ಮುಂದುವರಿಸಲು ಒಪ್ಪಿದರು. ಶಾಲೆ ತೆರೆದ ಮೊದಲ ವಾರವೇ ಆರೂ ಕೇಂದ್ರಗಳಲ್ಲಿ ಪ್ರಶ್ನೆಪತ್ರಿಕೆ, ಆಮೇಲೆ ಚೀಟಿ ಎತ್ತುವುದು. ಸಿಗರೇಟಿನ ಬೋರ್ಡುಗಳನ್ನು ತೆಗೆದಿಟ್ಟೆವು. ಪ್ರಶ್ನೆಗಳಲ್ಲಿ ಗುಟ್ಕಾ, ಮಾವಾ, ಮಿಶ್ರಿ, ತಂಬಾಕು ಸುಣ್ಣ, ಹೊಗೆಸೊಪ್ಪು, ಬೀಡಿ, ಸಿಗರೇಟು, ಸುಪಾರಿ ಎಲ್ಲ ಬೇರೆ ಬೇರೆ. ಬಸು ಅವರ ಪ್ರಶ್ನೆ ಮೂರನೆಯದು.

ಆ ಹುಡುಗನ ಹತ್ತಿರವೂ ಕೇಳಿದೆ, ಹೀಗೊಂದು ಕಾಗದ ಬರ್ತದೆ, ನೀನು ನಿಜ ಬರೀತೀಯಾ ಅಂತ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, ಅಪ್ಪ ಕಳಿಸ್ತಾನೆ ಅಂತ ಬರೆದರೆ ಅಪ್ಪನಿಗೆ ಗೊತ್ತಾಗ್ತದಾ ಅಂತ ಕೇಳಿದ. ಗೊತ್ತಾಗುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಆ ಮಾತು ಉಳಿಸಿಕೊಳ್ಳಬೇಕಾದರೆ ಮಕ್ಕಳಿಗೆ ಪರಿಚಯವೇ ಇಲ್ಲದ, ಕನ್ನಡ ಓದಿ ಹೇಳಬಲ್ಲ ಆರು ಜನ ಬೇಕು. ಜೂನ್ ಮೂರನೇ ವಾರ, ಸಂಜೆ ಆರರಿಂದ ಏಳೂವರೆ. ಯಾರು ಬರ್ತೀರಿ?

ಕಾಂದಿವಲಿ ಕಾವೇರಿ

ನಾನು ಬರ್ತೇನೆ. ಮುಲುಂಡ್ ಕೊಡಿ.

ಮಂಗಳೂರು ಮಗಳು, ಮಾಟುಂಗಾ

ನಾನೂ.

ಡೊಂಬಿವಿಲಿ ಶೆಟ್ರು

ಠಾಣೆ ಕೇಂದ್ರ ನನಗೆ ಇರಲಿ ಅಕ್ಕ. ಬೀಗ ಇರುವ ಪೆಟ್ಟಿಗೆ ಆರು ನಾನು ಮಾಡಿಸಿ ತರ್ತೇನೆ, ಕೀಲಿ ಪುಣೆ ಅಂಕಿ ಅವರ ಹತ್ತಿರ ಇರಲಿ.